ಬೈಬಲ್‌ನಲ್ಲಿ ಬರ್ದಿರೋದೆಲ್ಲಾ ಅಕ್ಷರಶಃ ನಿಜ ಅನ್ನೋರ ಮಾತನ್ನ ಬೈಬಲ್ಲೇ ಯಾಕೆ ಒಪ್ಪಲ್ಲ

ಸುವಾರ್ತೆ ಸಾರೋಕೆ ಅಂತ ಮನೆ ಬಾಗಿಲಿಗೆ ಬರೋರ ಜೊತೆ ಒಂದ್ಸಲನಾದ್ರೂ ಕೂತು ಮಾತಾಡಿದ್ರೆ ನಿಮಗೆ ಗೊತ್ತಿರುತ್ತೆ, ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೆ, "ಇದು ನಾನು ಹೇಳ್ತಿರೋದಲ್ಲ ಬ್ರದರ್, ದೇವರ ವಾಕ್ಯ ಹೇಳ್ತಿದೆ" ಅಂತ. ಅದಾದ್ಮೇಲೆ ಏನು ಮಾತಾಡೋದು? ನೀವು ಎದುರಿಗಿರೋ ಮನುಷ್ಯನ ಜೊತೆ ಅಲ್ಲ, ನೇರವಾಗಿ ದೇವರ ಜೊತೆನೇ ವಾದಕ್ಕೆ ನಿಂತಿದ್ದೀರ ಅನ್ನೋ ಹಾಗೆ ಆಗಿಬಿಡುತ್ತೆ. ನನ್ನ ಹತ್ರ ಕೆಲವು ತಿಂಗಳು ಇಬ್ಬರು ಬರ್ತಿದ್ರು, ಒಬ್ಬರು ವಯಸ್ಸಾದ ಅಮ್ಮ, ಜೊತೆಗೊಬ್ಬ ಇಪ್ಪತ್ತು ಇಪ್ಪತ್ತೆರಡರ ಹುಡುಗ. ಇಬ್ಬರೂ ಒಳ್ಳೇ ಜನ, ಅವರ ಕಾಳಜಿ ಸುಳ್ಳಲ್ಲ, ನಾನು ನಿಜವಾಗ್ಲೂ ನರಕಕ್ಕೆ ಹೋಗ್ತೀನಿ ಅನ್ನೋ ಭಯ ಆ ಅಮ್ಮನಿಗೆ ಇತ್ತು. ಅವರ ಜೊತೆ ಮಾತಾಡೋಕೆ ಅಂತಾನೇ ನಾನು ಬೈಬಲ್ಲನ್ನ ಸರಿಯಾಗಿ ಓದೋಕೆ ಶುರು ಮಾಡಿದ್ದು, ಓದ್ತಾ ಓದ್ತಾ ನನಗೆ ಅನ್ನಿಸಿದ್ದು ಇಷ್ಟು: ಅಕ್ಷರಶಃ ಓದಬೇಕು ಅನ್ನೋ ವಾದಕ್ಕೆ ಅಡ್ಡ ನಿಂತಿರೋದು ವಿಜ್ಞಾನ ಆಮೇಲೆ, ಮೊದಲು ಆ ಪುಸ್ತಕಾನೇ.

ಮೊದಲು ಈ ಅಕ್ಷರಶಃ ಅನ್ನೋದು ಏನು ಅಂತ ನೋಡೋಣ. ಬೈಬಲ್‌ನಲ್ಲಿ ತಪ್ಪೇ ಇಲ್ಲ, ಅದು ಇತಿಹಾಸ ಹೇಳಿದ್ರೂ ಲೋಕ ಹುಟ್ಟಿದ್ದು ಹೇಳಿದ್ರೂ ಎಲ್ಲಾ ಹಾಗ್ಹಾಗೇ ನಡೆದಿದ್ದು, ಆರು ದಿನ ಅಂದ್ರೆ ಆರು ದಿನ, ಜಲಪ್ರಳಯ ಅಂದ್ರೆ ಇಡೀ ಭೂಮಿ ಮುಳುಗಿದ್ದು ಅನ್ನೋ ನಿಲುವು. ಆದ್ರೆ ಈ ನಿಲುವಿನವರು ಕೂಡ ಎಲ್ಲಾನೂ ಅಕ್ಷರಶಃ ತಗೊಳಲ್ಲ. ಯೇಸುವಿನ ಬದುಕು ಹೇಳೋ ಪುಸ್ತಕಗಳಲ್ಲಿ ಒಂದಾದ ಯೋಹಾನನ ಸುವಾರ್ತೇಲಿ ಯೇಸು "ನಾನೇ ಬಾಗಿಲು" ಅಂತಾನೆ, ಯಾರೂ ಅವನನ್ನ ಮರದ ಬಾಗಿಲು ಅಂದ್ಕೊಳಲ್ಲ. ಬಲಗಣ್ಣು ಪಾಪಕ್ಕೆ ಎಳೆದ್ರೆ ಕಿತ್ತು ಬಿಸಾಕು ಅಂತ ಮತ್ತಾಯನ ಸುವಾರ್ತೇಲಿ ಇದೆ, ಯಾರೂ ಕೀಳಲ್ಲ. ಅಂದ್ರೆ ಯಾವುದನ್ನ ಮಾತಿನ ಅಲಂಕಾರ ಅಂತ ತಗೋಬೇಕು, ಯಾವುದನ್ನ ವರದಿ ಅಂತ ತಗೋಬೇಕು ಅನ್ನೋ ಆಯ್ಕೆ ಅವರೂ ಮಾಡ್ತಾನೇ ಇದಾರೆ, ಹಾಗಾಗಿ ಬೈಬಲ್ ನಂಬೋರು ಒಂದು ಕಡೆ, ವ್ಯಾಖ್ಯಾನ ಮಾಡೋರು ಇನ್ನೊಂದು ಕಡೆ ಅನ್ನೋ ವಿಂಗಡಣೆನೇ ಸರಿಯಿಲ್ಲ, ಎಲ್ಲರೂ ವ್ಯಾಖ್ಯಾನ ಮಾಡೋರೇ, ಯಾವ ಆಧಾರದ ಮೇಲೆ ಅನ್ನೋದಷ್ಟೇ ಪ್ರಶ್ನೆ.

ಈಗ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡ ತೆಗೀರಿ. ಮೊದಲ ಅಧ್ಯಾಯದಲ್ಲಿ ಬೆಳಕು ಮೊದಲನೇ ದಿನ, ಗಿಡಮರ ಮೂರನೇ ದಿನ, ಸೂರ್ಯ ಚಂದ್ರ ನಾಲ್ಕನೇ ದಿನ, ಆಮೇಲೆ ಮೀನು ಪಕ್ಷಿ, ಆಮೇಲೆ ಪ್ರಾಣಿಗಳು, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಎರಡನೇ ಅಧ್ಯಾಯದ 4ನೇ ವಚನದಿಂದ ಮತ್ತೆ ಕತೆ ಶುರುವಾಗುತ್ತೆ, ಅಲ್ಲಿ ಹೊಲದ ಗಿಡ ಇನ್ನೂ ಹುಟ್ಟೋಕೆ ಮುಂಚೆನೇ ಮನುಷ್ಯನನ್ನ ಮಣ್ಣಿಂದ ಮಾಡ್ತಾನೆ, ಆಮೇಲೆ ತೋಟ, ಮನುಷ್ಯ ಒಂಟಿಯಾಗಿರೋದು ಒಳ್ಳೇದಲ್ಲ ಅಂತ ಆಮೇಲೆ ಪ್ರಾಣಿಗಳು, ಅವುಗಳಲ್ಲಿ ಜೋಡಿ ಸಿಗಲಿಲ್ಲ ಅಂತ ಕೊನೆಗೆ ಪಕ್ಕೆಲುಬಿಂದ ಹೆಣ್ಣು. ಕ್ರಮಾನೇ ಬೇರೆ. ದೇವರ ಹೆಸರೂ ಬೇರೆ, ಹಳೇ ಕನ್ನಡ ಅನುವಾದದಲ್ಲೂ ಇದು ಕಾಣುತ್ತೆ, ಮೊದಲನೇದರಲ್ಲಿ ಬರೀ "ದೇವರು", ಎರಡನೇದರಲ್ಲಿ "ಯೆಹೋವ ದೇವರು". ಮೊದಲನೇದರಲ್ಲಿ ಅವನು ಮಾತಾಡಿದ್ರೆ ಸಾಕು ಆಗುತ್ತೆ, ಎರಡನೇದರಲ್ಲಿ ಕುಂಬಾರನ ಹಾಗೆ ಕೈಯಿಂದ ಮಣ್ಣು ಕಲಸಿ ಉಸಿರು ಊದ್ತಾನೆ, ಸಂಜೆ ತೋಟದಲ್ಲಿ ಓಡಾಡ್ತಾನೆ. ಇವೆರಡೂ ಚೆಂದದ ಕತೆಗಳು, ಆದ್ರೆ ಎರಡೂ ಒಂದೇ ಘಟನೆಯ ವರದಿ ಅಂತ ಹಠ ಹಿಡಿದ್ರೆ ಒಂದನ್ನ ತಿರುಚಲೇಬೇಕು.

ಜಲಪ್ರಳಯದಲ್ಲಿ ಉಳಿದ ನೋಹನ ಕತೆ ಇನ್ನೂ ಸ್ವಾರಸ್ಯ, ನಾನು ಒಂದು ವಾರ ಪೂರ್ತಿ ಅದರಲ್ಲೇ ಕಳೆದೆ. ಆರನೇ ಅಧ್ಯಾಯದಲ್ಲಿ ದೇವರು ನೋಹನಿಗೆ ಎಲ್ಲಾ ಜೀವಿಗಳಲ್ಲೂ ಎರಡೆರಡು ನಾವೆ ಒಳಗೆ ತಗೋ ಅಂತ ಹೇಳ್ತಾನೆ, ಏಳನೇ ಅಧ್ಯಾಯ ಶುರುವಾಗ್ತಿದ್ದ ಹಾಗೆ ಶುದ್ಧ ಪ್ರಾಣಿಗಳಲ್ಲಿ ಏಳೇಳು ಜೋಡಿ, ಅಶುದ್ಧದಲ್ಲಿ ಒಂದೊಂದು ಜೋಡಿ ಅಂತಾನೆ. ಒಂದು ಕಡೆ ಮಳೆ 40 ದಿನ, ಇನ್ನೊಂದು ಕಡೆ ನೀರು ಭೂಮಿ ಮೇಲೆ 150 ದಿನ. ನೋಹ ನಾವೆ ಒಳಗೆ ಹೋಗೋದು ಎರಡು ಸಲ ಬರುತ್ತೆ. ಈಗ ಇಡೀ ಕತೇಲಿ "ಯೆಹೋವ" ಅಂತ ಬರೋ ಭಾಗ ಒಂದು ಬಣ್ಣ, "ದೇವರು" ಅಂತ ಬರೋ ಭಾಗ ಇನ್ನೊಂದು ಬಣ್ಣದಲ್ಲಿ ಗೆರೆ ಎಳೀತಾ ಹೋಗಿ, ಎರಡು ಪೂರ್ತಿ ಕತೆಗಳು ಸುಮಾರಾಗಿ ಬಿಡಿ ಬಿಡಿಯಾಗಿ ಎದ್ದು ಬರ್ತವೆ. ಏಳೇಳು ಜೋಡಿ ಬರೋ ಕತೇಲೇ ಕೊನೆಗೆ ನೋಹ ಶುದ್ಧ ಪ್ರಾಣಿಗಳನ್ನ ಬಲಿ ಕೊಡೋದು, ಅದು ಸರಿನೇ, ಎರಡೇ ಇದ್ದಿದ್ರೆ ಬಲಿ ಕೊಟ್ಟ ತಕ್ಷಣ ಆ ಜಾತಿನೇ ಮುಗೀತಿತ್ತು. ಎರಡೆರಡು ಬರೋ ಕತೇಲಿ ಬಲಿನೇ ಇಲ್ಲ, ಯಾಕಂದ್ರೆ ಅದನ್ನ ಬರೆದ ಯಾಜಕರ ಲೆಕ್ಕದಲ್ಲಿ ಬಲಿಯ ನಿಯಮ ಬರೋದೇ ಮುಂದೆ ಮೋಶೆಯ ಕಾಲದಲ್ಲಿ. ಎರಡೂ ತಮ್ಮ ತಮ್ಮ ಒಳಗೆ ಸರಿಯಾಗೇ ಇವೆ, ಯಾರೋ ಒಬ್ಬ ಸಂಪಾದಕ ಎರಡನ್ನೂ ಗೌರವದಿಂದ, ಯಾವುದನ್ನೂ ಕಳ್ಕೊಳಬಾರ್ದು ಅಂತ ಹೆಣೆದಿದಾನೆ. ನನಗೆ ಇದು ತಿಳಿದಾಗ ಆ ಸಂಪಾದಕನ ಮೇಲೆ ಪ್ರೀತಿ ಬಂತು ನಿಜವಾಗ್ಲೂ, ವಿರೋಧ ಅವನಿಗೂ ಕಂಡಿರುತ್ತೆ, ಆದ್ರೂ ಹಿರಿಯರಿಂದ ಬಂದಿದ್ದನ್ನ ಅಳಿಸೋಕೆ ಅವನಿಗೆ ಮನಸ್ಸು ಬರಲಿಲ್ಲ.

ಇದನ್ನ ಮೊದಲು ಈ ಥರ ಬಿಡಿಸಿ ತೋರಿಸಿದೋರಲ್ಲಿ ಒಬ್ಬ ಫ್ರಾನ್ಸಿನ ವೈದ್ಯ ಜ್ಯಾನ್ ಆಸ್ಟ್ರುಕ್, 1753ರಲ್ಲಿ ಹೆಸರು ಹಾಕದೇ ಒಂದು ಪುಸ್ತಕ ತಂದ, ಅವನು ನಾಸ್ತಿಕ ಅಲ್ಲ, ಮೋಶೆನೇ ಹಳೇ ಬರಹಗಳನ್ನ ಇಟ್ಕೊಂಡು ಇದನ್ನ ಬರೆದಿದಾನೆ ಅಂತ ಮೋಶೆಯ ಪರವಾಗೇ ವಾದ ಮಾಡೋಕೆ ಹೋದೋನು. 1878ರಲ್ಲಿ ಜರ್ಮನಿಯ ಯೂಲಿಯಸ್ ವೆಲ್‌ಹೌಸನ್ ಇದನ್ನ ದೊಡ್ಡ ಸಿದ್ಧಾಂತ ಮಾಡಿದ, ಅವನ ವಿವರಗಳನ್ನ ಇವತ್ತಿನ ವಿದ್ವಾಂಸರು ಎಷ್ಟೋ ಬದಲಾಯಿಸಿದಾರೆ, ಆದ್ರೆ ಮೋಶೆ ಬರೆದ ಅಂತ ನಂಬಿಕೊಂಡು ಬಂದಿರೋ ಬೈಬಲ್‌ನ ಮೊದಲ ಐದು ಪುಸ್ತಕ ಒಬ್ಬನ ಕೈ ಬರಹ ಅಲ್ಲ ಅನ್ನೋದು ಹಾಗೇ ನಿಂತಿದೆ. ಮೋಶೆ ಸತ್ತಿದ್ದು, ಅವನ ಸಮಾಧಿ ಎಲ್ಲಿ ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ಅನ್ನೋದು ಆ ಐದರಲ್ಲಿ ಕೊನೇದಾದ ಧರ್ಮೋಪದೇಶಕಾಂಡದ ಕೊನೇಲೇ ಇದೆಯಲ್ಲ, 12ನೇ ಶತಮಾನದ ಯಹೂದಿ ಪಂಡಿತ ಇಬ್ನ್ ಎಜ್ರಾ ಇಂಥ ಜಾಗಗಳನ್ನ ನೋಡಿ ಗೂಢವಾಗಿ ಸೂಚನೆ ಕೊಟ್ಟು ಸುಮ್ಮನಾಗಿದ್ದ.

ಇದರ ಜೊತೆಗೆ 1872 ಬರುತ್ತೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾರ್ಜ್ ಸ್ಮಿತ್ ಅನ್ನೋನು ಈಗಿನ ಇರಾಕ್‌ನಲ್ಲಿದ್ದ ಹಳೇ ನಗರ ನಿನೆವೆಯಿಂದ ತಂದ ಮಣ್ಣಿನ ಹಲಗೆಗಳನ್ನ ಓದ್ತಾ ಇದ್ದಾಗ ಅದರಲ್ಲಿ ಪ್ರಳಯದ ಕತೆ ಸಿಕ್ತು, ಅದು ಆ ನಾಡಿನ ಪ್ರಾಚೀನ ಕಾವ್ಯವಾದ ಗಿಲ್ಗಮೇಶನ ಕಾವ್ಯದ 11ನೇ ಹಲಗೆ. ದೇವತೆ ಒಬ್ಬ ಮನುಷ್ಯನಿಗೆ ಮುಂಚೆನೇ ಎಚ್ಚರಿಕೆ ಕೊಡ್ತಾನೆ, ಅವನು ದೋಣಿ ಕಟ್ಟಿ ಪ್ರಾಣಿಗಳನ್ನ ತುಂಬ್ತಾನೆ, ದೋಣಿ ಬೆಟ್ಟದ ಮೇಲೆ ನಿಲ್ಲುತ್ತೆ, ಪಾರಿವಾಳ ಬಿಡ್ತಾನೆ, ಆಮೇಲೆ ಇನ್ನೊಂದು ಹಕ್ಕಿ, ಕೊನೆಗೆ ಕಾಗೆ, ಹೊರಗೆ ಬಂದು ಬಲಿ ಕೊಡ್ತಾನೆ, ದೇವತೆಗಳು ಅದರ ವಾಸನೆ ಹೀರ್ತಾರೆ. ಆದಿಕಾಂಡದಲ್ಲೂ ಯೆಹೋವ ಬಲಿಯ ಸುವಾಸನೆ ಮೂಸ್ತಾನೆ. ಸುವಾರ್ತೆಯವರು ಇದಕ್ಕೆ "ನೋಡಿ, ಎಲ್ಲರ ಹತ್ರಾನೂ ಪ್ರಳಯದ ಕತೆ ಇದೆ ಅಂದ್ಮೇಲೆ ಅದು ನಡೆದಿರಲೇಬೇಕು" ಅಂತಾರೆ, ಆದ್ರೆ ಇಲ್ಲಿ ಸಿಕ್ಕಿರೋದು ಬರೀ ನೀರು ಬಂತು ಅನ್ನೋ ನೆನಪಲ್ಲ, ಹಕ್ಕಿ ಬಿಟ್ಟು ನೋಡೋದು, ವಾಸನೆ ಹೀರೋದು ಇಂಥ ಕತೆಗಾರಿಕೆಯ ಕುಸುರಿ. ಇಂಥದ್ದು ಬರೋದು ಒಂದು ಕತೆ ಒಂದು ನಾಡಿಂದ ಪಕ್ಕದ ನಾಡಿಗೆ ಬಾಯಿಂದ ಬಾಯಿಗೆ ಹೋದಾಗ.

ಹೊಸ ಒಡಂಬಡಿಕೇಲಿ, ಅಂದ್ರೆ ಬೈಬಲ್‌ನ ಎರಡನೇ ಭಾಗದಲ್ಲಿ, ನಾಲ್ಕು ಸುವಾರ್ತೆಗಳಿವೆ, ಅಲ್ಲೂ ಹೀಗೇ. ಯೇಸು ಹುಟ್ಟಿದಾಗ ಹೆರೋದ ರಾಜ ಬದುಕಿದ್ದ ಅಂತ ಮತ್ತಾಯ ಹೇಳ್ತಾನೆ, ಹೆರೋದ ಸತ್ತಿದ್ದು ಕ್ರಿ.ಪೂ. 4ರ ಸುಮಾರಿಗೆ. ಕುರೇನ್ಯ ಸಿರಿಯಾದ ಅಧಿಪತಿ ಆಗಿದ್ದಾಗ ನಡೆದ ಖಾನೇಷುಮಾರಿಗೆ ಅಂತ ಬೆತ್ಲೆಹೇಮಿಗೆ ಹೋದ್ರು ಅಂತ ಲೂಕ ಹೇಳ್ತಾನೆ, ಆ ಖಾನೇಷುಮಾರಿ ನಡೆದಿದ್ದು ಕ್ರಿ.ಶ. 6ರಲ್ಲಿ, ಮಧ್ಯೆ ಹತ್ತು ವರ್ಷದ ಹತ್ತಿರ ಅಂತರ. ಮತ್ತಾಯನಲ್ಲಿ ಮಗುನ ಎತ್ಕೊಂಡು ಐಗುಪ್ತಕ್ಕೆ, ಅಂದ್ರೆ ಈಜಿಪ್ಟ್‌ಗೆ, ಓಡಿ ಹೋಗ್ತಾರೆ, ಲೂಕನಲ್ಲಿ ದೇವಾಲಯಕ್ಕೆ ಹೋಗಿ ಶಾಸ್ತ್ರ ಎಲ್ಲಾ ಮುಗಿಸಿ ನೆಮ್ಮದಿಯಾಗಿ ನಜರೇತಿಗೆ ವಾಪಸ್ ಬರ್ತಾರೆ. ಮರಿಯಳ ಗಂಡ ಯೋಸೇಫನ ಅಪ್ಪನ ಹೆಸರು ಒಂದು ಕಡೆ ಯಾಕೋಬ, ಇನ್ನೊಂದು ಕಡೆ ಹೇಲಿ. ದುಡ್ಡಿಗೆ ಯೇಸುನ ಹಿಡ್ಕೊಟ್ಟ ಶಿಷ್ಯ ಯೂದ ಮತ್ತಾಯನಲ್ಲಿ ಆ ದುಡ್ಡು ಬಿಸಾಕಿ ಉರುಳು ಹಾಕ್ಕೊಂಡು ಸಾಯ್ತಾನೆ, ಯಾಜಕರು ಆ ದುಡ್ಡಲ್ಲಿ ಹೊಲ ತಗೋತಾರೆ, ಲೂಕನೇ ಬರೆದ ಅಂತ ಹೇಳೋ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದಲ್ಲಿ ಅವನೇ ಹೊಲ ತಗೊಂಡು ಅಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸಾಯ್ತಾನೆ.

ಇದನ್ನ ಕೇಳಿದಾಗ ಆ ಅಮ್ಮ ತಕ್ಷಣ ಹೇಳಿದ್ರು, ಅವನು ಉರುಳು ಹಾಕ್ಕೊಂಡ, ಆಮೇಲೆ ಹಗ್ಗ ಹರಿದು ಬಿದ್ದ ಅಂತ. ಇದು ತುಂಬಾ ಹಳೇ ಉತ್ತರ, ಎಷ್ಟೋ ಪುಸ್ತಕಗಳಲ್ಲಿ ಇದೆ. ಆದ್ರೆ ಸ್ವಲ್ಪ ನಿಂತು ನೋಡಿ, ಹಗ್ಗ ಹರೀತು ಅಂತ ಮತ್ತಾಯ ಹೇಳಲ್ಲ, ಉರುಳು ಹಾಕ್ಕೊಂಡ ಅಂತ ಅಪೊಸ್ತಲರ ಕೃತ್ಯಗಳು ಹೇಳಲ್ಲ, ಎರಡನ್ನೂ ಹೊಂದಿಸೋಕೆ ಹೋಗಿ ನಾವು ಬೈಬಲ್‌ನಲ್ಲಿ ಎಲ್ಲೂ ಇಲ್ಲದ ಮೂರನೇ ಕತೆ ಒಂದನ್ನ ಬರೆದ್ವಿ. ಬೈಬಲ್ಲನ್ನ ಅಕ್ಷರಶಃ ಕಾಪಾಡೋಕೆ ಅಂತ ಹೋಗಿ ಅದರ ಅಕ್ಷರಾನೇ ಬಿಟ್ಟುಬಿಟ್ವಿ. ನನಗೆ ಅಕ್ಷರವಾದದ ದೊಡ್ಡ ತೊಂದರೆ ಕಾಣೋದು ಇಲ್ಲೇ, ಮತ್ತಾಯ ಏನು ಹೇಳೋಕೆ ಹೊರಟಿದ್ದ, ಲೂಕ ಯಾಕೆ ಬೇರೆ ಥರ ಹೇಳಿದ ಅನ್ನೋದನ್ನ ಕೇಳಿಸ್ಕೊಳೋಕೇ ಅದು ಬಿಡಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ವ್ಯತ್ಯಾಸಗಳಿಂದ ದೇವರಿಲ್ಲ ಅಂತ ಸಾಬೀತಾಗಲ್ಲ, ಯೇಸು ಅನ್ನೋನು ಇರಲಿಲ್ಲ ಅಂತಾನೂ ಆಗಲ್ಲ. ಯೇಸು ಬದುಕಿದ್ದ, ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೆ ಹಾಕಿದ್ರು ಅನ್ನೋದನ್ನ ನಂಬಿಕೆ ಇಲ್ಲದ ಇತಿಹಾಸಕಾರರಲ್ಲೂ ಬಹುಪಾಲು ಜನ ಒಪ್ತಾರೆ. ಬಿದ್ದುಹೋಗೋದು ಒಂದೇ ಒಂದು, ಈ ಪುಸ್ತಕದಲ್ಲಿ ತಪ್ಪೇ ಇಲ್ಲ, ಪ್ರತಿ ಮಾತೂ ವರದಿ ಅನ್ನೋದು.

ಮತ್ತೆ ಇದೇ ಕ್ರೈಸ್ತರ ಮೂಲ ನಂಬಿಕೆ, ಆಮೇಲೆ ಬಂದೋರು ವಿಜ್ಞಾನಕ್ಕೆ ಹೆದರಿ ಸಡಿಲ ಮಾಡಿದ್ರು ಅಂತ ಅಕ್ಷರಶಃ ಓದೋರು ಹೇಳ್ತಾರಲ್ಲ, ಅದು ಉಲ್ಟಾ. 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಬೆಳಗ್ಗೆ ಸಂಜೆ ಆಯ್ತು ಅಂತ ಬುದ್ಧಿ ಇರೋರು ಯಾರು ನಂಬ್ತಾರೆ ಅಂತ ಕೇಳಿದ್ದ. ಸಂತ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲಿ ಆದಿಕಾಂಡದ ಬಗ್ಗೆನೇ ದೊಡ್ಡ ಗ್ರಂಥ ಬರೆದು, ಆ ದಿನಗಳು ನಮ್ಮ ದಿನಗಳ ಥರದ್ದಲ್ಲ ಅಂದ, ಅಷ್ಟೇ ಅಲ್ಲ, ಭೂಮಿ ಆಕಾಶ ನಕ್ಷತ್ರಗಳ ವಿಷಯ ಚೆನ್ನಾಗಿ ತಿಳ್ಕೊಂಡಿರೋ ಅನ್ಯರ ಮುಂದೆ ಕ್ರೈಸ್ತರು ಶಾಸ್ತ್ರದ ಹೆಸರಲ್ಲಿ ಅಸಂಬದ್ಧ ಮಾತಾಡಿದ್ರೆ ಅದು ಅವಮಾನ, ಆಮೇಲೆ ಪುನರುತ್ಥಾನದ ಬಗ್ಗೆ ಅವರು ನಮ್ಮ ಮಾತು ಹೇಗೆ ನಂಬ್ತಾರೆ ಅಂತ ಎಚ್ಚರಿಸಿದ್ದ. ಎಲ್ಲರೂ ಹಾಗೇ ಇದ್ರು ಅಂತಲ್ಲ, 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳನ್ನೆಲ್ಲಾ ಕೂಡಿಸಿ ಲೋಕ ಕ್ರಿ.ಪೂ. 4004ರಲ್ಲಿ ಹುಟ್ಟಿತು ಅಂತ ಲೆಕ್ಕ ಹಾಕಿದ್ದ, ಅವನ ಕಾಲಕ್ಕೆ ಅದು ಗಂಭೀರ ವಿದ್ವತ್ತೇ, ಭೂಮಿಯ ವಯಸ್ಸು ಅಳೆಯೋಕೆ ಅವನ ಹತ್ರ ಬೇರೆ ದಾರಿ ಇರಲಿಲ್ಲ. ನಮ್ಮ ಹತ್ರ ಇದೆ, 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸವನ್ನ ಅಳೆದು ಸುಮಾರು 455 ಕೋಟಿ ವರ್ಷ ಅಂತ ತೋರಿಸಿದ, ಇವತ್ತಿಗೂ ಆ ಸಂಖ್ಯೆ ಹೆಚ್ಚು ಕಮ್ಮಿ ಅಷ್ಟೇ ಇದೆ.

ಇವತ್ತು ಬಾಗಿಲಿಗೆ ಬರೋ ಅಕ್ಷರವಾದ ರೂಪ ತಗೊಂಡಿದ್ದು ಮುಖ್ಯವಾಗಿ ಅಮೆರಿಕಾದಲ್ಲಿ. 1910ರಿಂದ 1915ರ ಮಧ್ಯೆ ಎಣ್ಣೆ ಉದ್ಯಮಿ ಲೈಮನ್ ಸ್ಟುವರ್ಟ್ ದುಡ್ಡಲ್ಲಿ "ದಿ ಫಂಡಮೆಂಟಲ್ಸ್" ಅನ್ನೋ 12 ಸಂಪುಟಗಳು ಅಚ್ಚಾಗಿ ಪುಕ್ಕಟೆ ಹಂಚಿಕೆ ಆದ್ವು, ಫಂಡಮೆಂಟಲಿಸ್ಟ್ ಅನ್ನೋ ಪದಕ್ಕೆ ಮೂಲ ಅದೇ. ಆಶ್ಚರ್ಯ ಅಂದ್ರೆ ಅದರಲ್ಲಿ ಬರೆದ ಕೆಲವರಿಗೆ ಭೂಮಿ ಕೋಟ್ಯಂತರ ವರ್ಷ ಹಳೇದು ಅನ್ನೋದರಲ್ಲಿ ತಕರಾರೇ ಇರಲಿಲ್ಲ. 1925ರಲ್ಲಿ ಟೆನೆಸಿಯ ಡೇಟನ್ ಊರಲ್ಲಿ ವಿಕಾಸವಾದ ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಅನ್ನೋ ಮೇಷ್ಟ್ರ ಮೇಲೆ ಕೇಸು ನಡೀತು, 100 ಡಾಲರ್ ದಂಡ ಹಾಕಿದ್ರು, ಅಲ್ಲಿ ಬೈಬಲ್ ಪರ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಕೂಡ ಪಾಟೀಸವಾಲಿನಲ್ಲಿ ಸೃಷ್ಟಿಯ ದಿನಗಳು 24 ಗಂಟೆಯದೇ ಆಗಿರಬೇಕಿಲ್ಲ ಅಂತ ಒಪ್ಕೊಂಡ. ಆರು ಸಾವಿರ ವರ್ಷದ ಭೂಮಿ, ಪ್ರಳಯದಿಂದಲೇ ಬಂಡೆ ಪದರಗಳಾಗಿದ್ದು ಅನ್ನೋದು ಅಷ್ಟೊಂದು ಚರ್ಚುಗಳಿಗೆ ಹಬ್ಬಿದ್ದು 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಅನ್ನೋರು ಪ್ರಳಯದ ಬಗ್ಗೆ ಪುಸ್ತಕ ಬರೆದ ಮೇಲೆ. ಕ್ಯಾಥೊಲಿಕ್ ಚರ್ಚಂತೂ 1993ರಲ್ಲಿ ತನ್ನ ಬೈಬಲ್ ಆಯೋಗದ ಮೂಲಕ ಈ ಥರದ ಓದು ಅಪಾಯ ಅಂತಾನೇ ಹೇಳಿದೆ.

ಈಗ ಆ ಭೇಟಿಗಳ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಓದಿದ್ದೆಲ್ಲಾ ಒಂದು ಕಡೆ, ಎದುರಿಗೆ ಮನುಷ್ಯ ಕೂತಾಗ ಮಾತು ಹೋಗೋ ದಾರಿ ಇನ್ನೊಂದು. ಸಾಮಾನ್ಯವಾಗಿ ಮೊದಲ ಪ್ರಶ್ನೆ "ನೀವು ಒಳ್ಳೇ ಮನುಷ್ಯರು ಅಂತ ನಿಮಗೆ ಅನ್ಸುತ್ತಾ?" ಅಂತ. ಹೌದು ಅಂದ್ರೆ, ಯಾವತ್ತಾದ್ರೂ ಸುಳ್ಳು ಹೇಳಿದ್ದೀರಾ, ಕದ್ದಿದ್ದೀರಾ, ಹಾಗಾದ್ರೆ ನೀವೇ ಒಪ್ಕೊಂಡ ಹಾಗೆ ನೀವು ಸುಳ್ಳುಗಾರ, ಕಳ್ಳ, ನ್ಯಾಯತೀರ್ಪಿನ ದಿನ ಏನು ಮಾಡ್ತೀರ. ಎರಡು ನಿಮಿಷದಲ್ಲಿ ನಾವು ಆರೋಪಿ ಸ್ಥಾನದಲ್ಲಿ ನಿಂತಿರ್ತೀವಿ, ನ್ಯಾಯಾಲಯ ಇದೆಯಾ, ಶಿಕ್ಷೆ ಅದೇನಾ, ಚಿಕ್ಕವರಿದ್ದಾಗ ಹೇಳಿದ ಸುಳ್ಳಿಗೆ ಮುಗಿಯದ ಬೆಂಕಿ ನ್ಯಾಯಾನಾ ಅನ್ನೋದು ಯಾವುದೂ ಚರ್ಚೆ ಆಗೇ ಇರಲ್ಲ. ಅವರಿಗೆ ಇದು ಕುತಂತ್ರ ಅಂತ ಅನ್ನಿಸೋದೂ ಇಲ್ಲ, ಅವರಿಗೂ ಯಾರೋ ಹೀಗೇ ಹೇಳಿಕೊಟ್ಟಿರ್ತಾರೆ.

ನಂತರ "ನಂಬಿದ್ರೆ ಕಳ್ಕೊಳೋದು ಏನೂ ಇಲ್ಲ, ನಂಬದೇ ಇದ್ದು ಅದು ನಿಜ ಆದ್ರೆ?" ಅನ್ನೋದು ಬರುತ್ತೆ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್‌ನ ವಾದ ಇದು. ಆದ್ರೆ ಇದೇ ಮಾತನ್ನ ಬೇರೆ ಯಾವ ಧರ್ಮದೋರು ಬೇಕಾದ್ರೂ ಬಂದು ಹೇಳಬಹುದು, ಆಗ ಎಷ್ಟು ನರಕಗಳಿಗೆ ಹೆದರಬೇಕು? ಹೆದರಿಕೆಗೆ ಹುಟ್ಟೋದನ್ನ ನಂಬಿಕೆ ಅಂತ ಕರೆಯೋಕೂ ನನಗೆ ಮನಸ್ಸಾಗಲ್ಲ.

ಹಳೇ ಪ್ರವಾದನೆಗಳು ಯೇಸುವಲ್ಲಿ ನೆರವೇರಿದ್ವು ಅನ್ನೋದು ಇನ್ನೊಂದು ವಾದ. ಯೆಶಾಯ 7ನೇ ಅಧ್ಯಾಯ 14ನೇ ವಚನ, ಕನ್ಯೆ ಗರ್ಭಿಣಿ ಆಗಿ ಮಗನನ್ನ ಹೆರ್ತಾಳೆ ಅನ್ನೋದು. ಆ ಅಧ್ಯಾಯ ಪೂರ್ತಿ ಓದಿ ಅಂತ ನಾನು ಕೇಳ್ಕೊತೀನಿ. ಅಲ್ಲಿ ಆಹಾಜ ಅನ್ನೋ ಯೆಹೂದದ ರಾಜ ಎರಡು ನೆರೆ ರಾಜ್ಯಗಳ ದಾಳಿಗೆ ಹೆದರಿ ಕೂತಿದಾನೆ, ಯೇಸುವಿಗಿಂತ ಏಳುನೂರು ವರ್ಷ ಹಿಂದೆ, ಯೆಶಾಯ ಅವನಿಗೆ ಧೈರ್ಯ ಹೇಳ್ತಾ ಒಬ್ಬಳಿಗೆ ಮಗು ಹುಟ್ಟುತ್ತೆ, ಆ ಮಗುಗೆ ಒಳ್ಳೇದು ಕೆಟ್ಟದ್ದು ತಿಳಿಯೋ ಅಷ್ಟರಲ್ಲಿ ಆ ಇಬ್ಬರು ರಾಜರ ನಾಡು ಹಾಳಾಗಿರುತ್ತೆ ಅಂತಾನೆ. ಏಳುನೂರು ವರ್ಷ ಆದ್ಮೇಲೆ ಹುಟ್ಟೋ ಮಗು ಆಹಾಜನಿಗೆ ಏನು ಧೈರ್ಯ ಕೊಡುತ್ತೆ? ಹೀಬ್ರೂನಲ್ಲಿರೋ ಪದ "ಅಲ್ಮಾ", ಹರೆಯದ ಹುಡುಗಿ ಅಂತ, ಗ್ರೀಕ್ ಅನುವಾದದಲ್ಲಿ ಅದು "ಪಾರ್ಥೆನೋಸ್" ಆಯ್ತು, ಸಾಮಾನ್ಯವಾಗಿ ಕನ್ಯೆ ಅನ್ನೋ ಅರ್ಥ, ಮತ್ತಾಯ ಉಲ್ಲೇಖ ಮಾಡಿದ್ದು ಆ ಗ್ರೀಕನ್ನ.

ಎಲ್ಲದಕ್ಕೂ ಕೊನೇ ಆಧಾರ 2 ತಿಮೊಥೆ 3:16, ಎಲ್ಲಾ ಶಾಸ್ತ್ರವೂ ದೈವಪ್ರೇರಿತ ಅನ್ನೋ ವಚನ. ಬೈಬಲ್ ದೇವರ ಮಾತು ಅಂತ ಬೈಬಲ್ ಹೇಳುತ್ತೆ ಅನ್ನೋದು ಸುತ್ತಿ ಬಳಸಿ ಅಲ್ಲಿಗೇ ಬರೋ ವಾದ ಅನ್ನೋದು ಒಂದಾದ್ರೆ, ಆ ಪತ್ರ ಬರೆದ ಕಾಲಕ್ಕೆ ಹೊಸ ಒಡಂಬಡಿಕೆ ಅನ್ನೋ ಪುಸ್ತಕಾನೇ ಇರಲಿಲ್ಲ ಅನ್ನೋದು ಇನ್ನೊಂದು. ಇವತ್ತಿರೋ 27 ಪುಸ್ತಕಗಳ ಪಟ್ಟಿ ಮೊದಲು ಅಷ್ಟಕ್ಕಷ್ಟೇ ಸಿಗೋದು 367ರಲ್ಲಿ ಅಲೆಕ್ಸಾಂಡ್ರಿಯಾದ ಅಥನೇಸಿಯಸ್ ಬರೆದ ಪತ್ರದಲ್ಲಿ. ಇವತ್ತಿಗೂ ಪ್ರಾಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73, ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚಿನಲ್ಲಿ 81. ಅಕ್ಷರ ಅಕ್ಷರವೂ ಅಂದಾಗ ಯಾವ ಬೈಬಲ್‌ನ ಅಕ್ಷರ ಅಂತ ಕೇಳಲೇಬೇಕಾಗುತ್ತೆ.

ಸರಿ ಬಿಡಿ, ಯಾರೋ ಏನೋ ನಂಬ್ಕೊಂಡ್ರೆ ನಿಮಗೇನು ಅಂತ ಕೆಲವರು ಕೇಳ್ತಾರೆ. ಅಕ್ಷರ ಹಿಡ್ಕೊಂಡು ಜನರಿಗೆ ಆಗಿರೋ ನೋವು ಸಣ್ಣದಲ್ಲ. ಆದಿಕಾಂಡದ 9ನೇ ಅಧ್ಯಾಯದಲ್ಲಿ ನೋಹ ಕಾನಾನನಿಗೆ ಹಾಕೋ ಶಾಪ, ದಾಸರೇ ನಿಮ್ಮ ಧಣಿಗಳಿಗೆ ವಿಧೇಯರಾಗಿರಿ ಅನ್ನೋ ಎಫೆಸದವರ ಪತ್ರದ ಮಾತು, ಇವನ್ನ ಅಮೆರಿಕಾದ ದಕ್ಷಿಣದ ಬೋಧಕರು ಗುಲಾಮಗಿರಿಗೆ ಆಧಾರ ಮಾಡ್ಕೊಂಡಿದ್ರು, ಗುಲಾಮಗಿರಿ ಪ್ರಶ್ನೆ ಮೇಲೆನೇ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಬೇರೆ ಆಗಿದ್ದು, ಅದಕ್ಕೆ ಅವರು ಕ್ಷಮೆ ಕೇಳಿದ್ದು 1995ರಲ್ಲಿ. ಗುಲಾಮಗಿರಿ ವಿರುದ್ಧ ಹೋರಾಡಿದ ಕ್ರೈಸ್ತರೂ ಬೈಬಲ್ಲನ್ನೇ ಹಿಡ್ಕೊಂಡಿದ್ರು, ಆದ್ರೆ ಬಿಡಿ ವಚನ ಎಣಿಸೋದರಲ್ಲಿ ಅವರಿಗೆ ಕಷ್ಟ ಆಗ್ತಿತ್ತು, ಅವರು ನೆಚ್ಚಿಕೊಂಡಿದ್ದು ಒಟ್ಟು ಆಶಯವನ್ನ.

ಮಾರ್ಕನ 16ನೇ ಅಧ್ಯಾಯದ ಕೊನೇಲಿ, ನಂಬೋರು ಹಾವುಗಳನ್ನ ಕೈಯಲ್ಲಿ ಎತ್ತುತ್ತಾರೆ, ವಿಷ ಕುಡಿದ್ರೂ ಏನೂ ಆಗಲ್ಲ ಅಂತ ಇದೆ. ಅಮೆರಿಕಾದ ಅಪಲೇಷಿಯನ್ ಬೆಟ್ಟಗಳ ಕೆಲವು ಚರ್ಚುಗಳಲ್ಲಿ ಇದನ್ನ ಅಕ್ಷರಶಃ ತಗೊಂಡು ವಿಷದ ಹಾವುಗಳನ್ನ ಆರಾಧನೆ ಮಧ್ಯೆ ಹಿಡೀತಾರೆ, ಈ ಪದ್ಧತಿಯನ್ನ ಹಬ್ಬಿಸಿದ ಜಾರ್ಜ್ ಹೆನ್ಸ್‌ಲಿ ಅನ್ನೋ ಬೋಧಕ 1955ರಲ್ಲಿ ಹಾವು ಕಚ್ಚಿನೇ ಸತ್ತ, ಅವನ ನಂತರಾನೂ ಸತ್ತಿದಾರೆ. ಆದ್ರೆ ಆ ವಚನಗಳು ಮಾರ್ಕ ಬರೆದಿದ್ದೇ ಅಲ್ಲ ಅನ್ನೋದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಿವೆ, ಕೋಡೆಕ್ಸ್ ಸಿನೈಟಿಕಸ್ ಮತ್ತೆ ಕೋಡೆಕ್ಸ್ ವ್ಯಾಟಿಕಾನಸ್, ಎರಡರಲ್ಲೂ ಮಾರ್ಕನ ಸುವಾರ್ತೆ 8ನೇ ವಚನಕ್ಕೇ ಮುಗಿಯುತ್ತೆ, 9ರಿಂದ 20 ಇಲ್ಲ.

ಕೊನೇ ಸಲ ಅವರಿಬ್ಬರು ಬಂದಾಗ ನಾನು ಇದನ್ನೇ ಹೇಳಿದ್ದು. ಅಮ್ಮ ತಮ್ಮ ಬೈಬಲ್ ತೆಗೆದು ತೋರಿಸಿದ್ರು, ಹಳೇ ಅನುವಾದ, ಅದರಲ್ಲಿ 20ನೇ ವಚನದವರೆಗೂ ಒಂದೇ ಸಮ ಇತ್ತು. ಹುಡುಗನ ಕೈಲಿದ್ದದ್ದು ಹೊಸ ಅನುವಾದ, ಅವನು ಅದೇ ಪುಟ ತೆಗೆದ, 8ನೇ ವಚನ ಆದ್ಮೇಲೆ ಒಂದು ಗೆರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ, ಅತಿ ಹಳೇ ಪ್ರತಿಗಳಲ್ಲಿ ಮುಂದಿನ ಭಾಗ ಇಲ್ಲ ಅಂತ. ಎಷ್ಟೋ ಸಲ ಆ ಪುಟ ಓದಿದೀನಿ, ಇದನ್ನ ನೋಡಿರಲೇ ಇಲ್ಲ ಅಂದ. ಹಾಗಾದ್ರೆ ಮಾರ್ಕ ಎಲ್ಲಿಗೆ ನಿಲ್ಲಿಸಿದ್ದ ಅಂತ ಕೇಳಿದ. 8ನೇ ವಚನ ನೀವೇ ಓದಿ ಅಂದೆ. ಹೆಂಗಸರು ಸಮಾಧಿಯಿಂದ ಹೊರಗೆ ಬಂದು ನಡುಗ್ತಾ ಓಡಿಹೋದ್ರು, ಭಯ ಆಗಿದ್ರಿಂದ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಅವನು ಅದನ್ನ ಎರಡು ಸಲ ಓದಿದ. ಆಮೇಲೆ ಆ ಎರಡು ಹಸ್ತಪ್ರತಿಗಳ ಹೆಸರು ಇನ್ನೊಂದು ಸಲ ಹೇಳಿ ಅಂತ ಕೇಳಿ, ನನಗೆ ಕೊಡೋಕೆ ಅಂತ ತಂದಿದ್ದ ಕರಪತ್ರದ ಹಿಂದೆ ಬರ್ಕೊಂಡು ಜೇಬಿಗೆ ಇಟ್ಕೊಂಡ.